ಎರಡನೇ ಸಂಖ್ಯೆಯ ಕುರ್ಚಿ

ಜಹ್ಲೆ, ಲೆಬನಾನ್
೯ ಅಕ್ಟೋಬರ್ ೨೦೧೬, ಭಾನುವಾರ

ಪ್ರೀತಿಯ ಮಗಳು ರೋಲಾಳಿಗೆ,

ಹೇಗಿದ್ದೀಯ, ನನ್ನ ಕಣ್ಣೇ? ಕಾಲು ಊದಿಕೊಳ್ಳುತ್ತಿದೆ, ಎಡಮಗ್ಗುಲಲ್ಲಿ ಮಲಗಿದರೆ ಮಾತ್ರ ನಿದ್ದೆ ಬರುತ್ತದೆ ಎಂದು ಗಾಬಿ ಹೇಳಿದ. ಸಂಜೆ ಹೊತ್ತು ಕಾಲನ್ನು ಎರಡು ದಿಂಬಿನ ಮೇಲೆ ಎತ್ತಿಟ್ಟುಕೋ, ಉಪ್ಪು ಕಡಿಮೆ ಮಾಡು, ನಿಂತುಕೊಂಡೇ ಊಟ ಮುಗಿಸುವ ನಿನ್ನ ಹಾಳು ಚಾಳಿ ಬಿಡು. ಎಂಟನೇ ತಿಂಗಳು ನಡೆಯುತ್ತಿದೆ, ಆ ಫ್ರಾನ್ಸಿನ ಲಿಯೋನಿನಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಗಾಬಿಯ ಎದೆಯುರಿ ಹೇಗಿದೆ? ಗಂಡಸರಿಗೆ ಹೆಂಡತಿ ಬಸುರಾದರೆ ತಮಗೇ ಏನೋ ಆದ ಹಾಗೆ, ಅವನನ್ನೂ ಸ್ವಲ್ಪ ವಿಚಾರಿಸಿಕೋ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಮಂಡಿಯಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ. ನಿನ್ನಪ್ಪನ ಅಕ್ಕ, ನಿನ್ನ ಲತೀಫೆ ಅತ್ತೆಗೆ ಎಪ್ಪತ್ತೊಂದು ತುಂಬಿತು. ಇನ್ನೂ ಅಂಜೂರದ ಮರ ಹತ್ತುತ್ತಾಳೆ, ಇಳಿಯೇ ಮಾರಾಯ್ತಿ ಎಂದರೆ ಮೇಲಿನಿಂದಲೇ ನನಗೆ ಬೈಯುತ್ತಾಳೆ.

ಇಷ್ಟು ಓದಿ ನೀನು ಕಾಗದ ಮಡಚಿಡಬಹುದು. ಮಡಚಬೇಡ. ಫೋನಿನಲ್ಲಿ ನಾನು ಕಳಿಸಿದ್ದಕ್ಕೆಲ್ಲ ಎರಡು ನೀಲಿ ಗೀಟು ಬೀಳುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಆರು ತಿಂಗಳಾಯಿತು. ಆ ನೀಲಿ ಗೀಟು ನೋಡಿ ನೋಡಿ ನನಗೆ ನೀಲಿ ಬಣ್ಣದ ಮೇಲೇ ಹೇಸಿಗೆ ಹುಟ್ಟಿದೆ. ಮಠದ ಸಿಸ್ಟರ್ ಮತಿಲ್ದ್ ಈವತ್ತು ಮಧ್ಯಾಹ್ನ ವಿಮಾನ ಹತ್ತಿ ನಿಮ್ಮ ಊರಿಗೆ ಬರುತ್ತಿದ್ದಾರೆ, ಅವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ಸನ್ಯಾಸಿನಿ ಮನೆ ಬಾಗಿಲಿಗೆ ಬಂದು ಕೈಯಲ್ಲಿ ಕೊಟ್ಟ ಕಾಗದವನ್ನು ಓದದೆ ಬಿಡುವಷ್ಟು ನೀನು ಕೆಟ್ಟಿಲ್ಲ ಎಂಬ ಧೈರ್ಯ ನನ್ನದು. ವಿಷಯ ಒಂದೇ. ಹೆರಿಗೆಗೆ ನಾನು ಬರಬಾರದು ಎಂದು ನೀನು ಗಾಬಿಯ ಬಾಯಲ್ಲಿ ಹೇಳಿಸಿದ್ದೀಯ. ನಿನಗೆ ಗಡಿ ಬೇಕಂತೆ. ಗಡಿ! ಬೆಟ್ಟದ ಆಚೆ ಸಿರಿಯಾ ಇಟ್ಟುಕೊಂಡು ಬದುಕುವವಳಿಗೆ ಗಡಿ ಅಂದರೇನು ಅಂತ ಲಿಯೋನಿನಲ್ಲಿ ಕೂತು ಪಾಠ ಹೇಳುತ್ತೀಯ. ಪಾಪ, ಗಾಬಿ ಆ ಮಾತನ್ನು ಹೇಳುವಾಗ ಮೂರು ಸಲ ಕೆಮ್ಮಿದ. ನಾನು ಬರಬೇಕು ರೋಲಾ. ಬಂದು ಏನು ಮಾಡುತ್ತೀಯ ಎಂದು ಕೇಳಬೇಡ. ಬರಬೇಕು.

ಇದಕ್ಕೆಲ್ಲ ಮೂಲ ಆ ಎನಿಯಾಗ್ರಾಂ ಎನ್ನುವ ಪೀಡೆ. ಈಸ್ಟರ್ ಊಟದ ದಿನ ನೀನು ಕುರಿಮಾಂಸದ ತಟ್ಟೆ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಆ ಚಿತ್ರ ಹರಡಿದೆ. ಒಂದು ವೃತ್ತ, ಸುತ್ತ ಒಂಬತ್ತು ಅಂಕಿ, ಒಳಗೆ ಜೇಡ ನೇಯ್ದ ಹಾಗೆ ಗೆರೆಗಳು. ಜಗತ್ತಿನ ಮನುಷ್ಯರೆಲ್ಲ ಈ ಒಂಬತ್ತರಲ್ಲಿ ಒಂದಂತೆ. ಲತೀಫೆಗೆ ಎಂಟು ಕೊಟ್ಟೆ, ಎಂಟು ಅಂದರೆ ದರ್ಬಾರು ಮಾಡುವವರು ಅಂದೆ, ಅವಳು ಲಾಟರಿ ಹೊಡೆದ ಹಾಗೆ ಹಿಗ್ಗಿದಳು. ಗಾಬಿಗೆ ಒಂಬತ್ತು ಕೊಟ್ಟೆ, ಎಲ್ಲದಕ್ಕೂ ಹೂಂಗುಟ್ಟುವವರ ಅಂಕಿಯಂತೆ, ಅವನು "ಹೌದಾ? ಇದ್ರೂ ಇರಬಹುದು" ಅಂದ, ನೀನು "ನೋಡಿ, ಒಂಬತ್ತು ಅಂದ್ರೆ ಇದೇ!" ಎಂದು ಚಪ್ಪಾಳೆ ತಟ್ಟಿದೆ. ಸತ್ತು ಹನ್ನೊಂದು ವರ್ಷವಾದ ನಿನ್ನಪ್ಪ ಮಿಲ್ಹೆಮನನ್ನೂ ಬಿಡಲಿಲ್ಲ, ಅವನಿಗೆ ಮೂರು, ನಾಲ್ಕು ಜನರ ಮುಂದೆ ಮೆರೆಯುವವರ ಅಂಕಿ. ಕೊನೆಗೆ ನನ್ನ ಕಡೆ ತಿರುಗಿದೆ. "ಅಮ್ಮ ಎರಡು. ಕೊಟ್ಟು ಕೊಟ್ಟೇ ಕಟ್ಟಿಹಾಕೋದು. ಬೇಡ ಅಂದ್ರೂ ಕೊಡೋದು, ಆಮೇಲೆ ನನ್ನನ್ನ ಯಾರೂ ಕೇಳಲ್ಲ ಅಂತ ಅಳೋದು." ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಾ ನಿನ್ನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದೆ, ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಕೈಯಲ್ಲಿದ್ದ ಸೌಟನ್ನು ಯಾರ ತಲೆಗಾದರೂ ಕುಟ್ಟಬೇಕೆನ್ನಿಸಿತ್ತು.

ಎರಡು ದಿನ ಬಿಟ್ಟು ನೀನು ಹೊರಡುವಾಗ ನಡೆದದ್ದು ನಿನಗೂ ನೆನಪಿದೆ. ನಾನು ನಿನ್ನ ಸೂಟ್‌ಕೇಸಿನಲ್ಲಿ ಹದಿನಾಲ್ಕು ಜಾಡಿ ಇಟ್ಟಿದ್ದೆ. ಎಣ್ಣೆಯಲ್ಲಿ ಹಾಕಿದ ಬದನೆಕಾಯಿ, ಅಂಜೂರದ ಜಾಮು, ದ್ರಾಕ್ಷಿ ಎಲೆ, ಎಲ್ಲ ಬಟ್ಟೆ ಸುತ್ತಿ. ನೀನು ಒಂದೊಂದನ್ನೇ ತೆಗೆದು ಸೋಫಾದ ಮೇಲೆ ಸಾಲಾಗಿ ನಿಲ್ಲಿಸಿದೆ. "ಅಮ್ಮಾ, ಈ ಒಂದೊಂದು ಜಾಡೀಲೂ ಒಂದೊಂದು ಗಾಳ ಇದೆ. ನಂಗಿನ್ನು ಸಾಕು" ಅಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ಮಕ್ಕಳಿಲ್ಲದವಳಿಗೆ ಆಟ ಆಡೋಕೆ ಅಂಕಿಗಳಾದ್ರೂ ಬೇಕಲ್ಲ." ನೀನು ಸೂಟ್‌ಕೇಸಿನ ಜಿಪ್ಪು ಎಳೆದು ಮುಚ್ಚಿದೆ. ಗಾಬಿ ಟ್ಯಾಕ್ಸಿಗೆ ಕೂಗಿದ. ಮೇ ತಿಂಗಳಲ್ಲಿ ಅವನೇ ಫೋನು ಮಾಡಿ ಹೇಳಿದ, ನೀನು ಈಸ್ಟರಿಗೆ ಬಂದದ್ದೇ ಆ ಸುದ್ದಿ ಹೇಳುವುದಕ್ಕೆ ಎಂದು. ಏಳು ವರ್ಷ ಕಾದು ಬಸುರಾದ ಮಗಳು ಎದುರಿಗೆ ನಿಂತಿದ್ದಾಗ ಅವಳ ತಾಯಿ ಅಂದ ಮಾತು ಅದು. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ಆ ಮಾತು ನೆನೆಸಿಕೊಂಡಾಗಲೆಲ್ಲ ನನ್ನ ನಾಲಿಗೆಯನ್ನು ಬೂದಿ ಹಾಕಿ ತಿಕ್ಕಬೇಕು ಅನ್ನಿಸುತ್ತದೆ.

ನಿನಗೆ ಗೊತ್ತಿರುವ ಹಾಗೆ ಮಠದ ಅತಿಥಿಗೃಹದ ಅಡುಗೆಮನೆ ಇಪ್ಪತ್ತು ವರ್ಷದಿಂದ ನನ್ನ ಕೈಯಲ್ಲಿದೆ. ವರ್ಷಕ್ಕೆ ನಾಲ್ಕು ಸಲ ಬೈರೂತಿನಿಂದ ಮದಾಮ್ ರಿಂದಾಲಾ ಎನ್ನುವವಳು ನಲವತ್ತು ಜನರನ್ನು ಕಟ್ಟಿಕೊಂಡು ಬಂದು ಮೂರು ದಿನ ಇದೇ ಎನಿಯಾಗ್ರಾಂ ಶಿಬಿರ ನಡೆಸುತ್ತಾಳೆ. ನಿನಗೆ ಈ ಹುಚ್ಚು ಹಿಡಿಸಿದವಳೂ ಅವಳೇ, ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. ಮೊದಲೆಲ್ಲ ಈ ಮಠಕ್ಕೆ ಜನ ಪಾಪ ಹೇಳಿಕೊಳ್ಳಲು ಬರುತ್ತಿದ್ದರು. ಈಗ ಅದೇ ಪಾಪಕ್ಕೆ ನಂಬರು ಹಾಕಿಸಿಕೊಂಡು ಎದೆಗೆ ಚೀಟಿ ಅಂಟಿಸಿಕೊಂಡು ತಿರುಗುತ್ತಾರೆ, ನಾಚಿಕೆ ಅನ್ನುವುದೇ ಇಲ್ಲ. ಹೋದ ತಿಂಗಳ ಶಿಬಿರದಲ್ಲಿ ಒಬ್ಬ ವಕೀಲ ಸೂಪು ತಣ್ಣಗಿದೆ ಎಂದು ನಮ್ಮ ಅಡುಗೆ ಹುಡುಗಿ ನಾಯ್ಲಾಳ ಮೇಲೆ ಕಿರುಚಾಡಿದ. ಅವಳು ಅತ್ತಾಗ "ತಪ್ಪು ತಿಳ್ಕೋಬೇಡಮ್ಮ, ನಾನು ಎಂಟು, ನಂದು ನೇರ ಮಾತು" ಅಂದ. ಎಂಟಂತೆ! ನಮ್ಮ ಕಾಲದಲ್ಲಿ ಅದಕ್ಕೆ ಕೊಬ್ಬು ಅನ್ನುತ್ತಿದ್ದರು. ಒಬ್ಬಳು ಮೂರು ಹೊತ್ತೂ ತಟ್ಟೆ ಮುಟ್ಟದೆ ಕಳಿಸಿದಳು, ನಾಲ್ಕನೇ ನಂಬರಿನವಳಂತೆ, ಮನಸ್ಸಿಗೆ ನೋವಾದಾಗ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಆಮೇಲೆ ಉಗ್ರಾಣದಲ್ಲಿ ನಿಂತು ಹಲ್ವಾ ತಿನ್ನುತ್ತಿದ್ದಳು. ಒಂದನೇ ನಂಬರಿನವಳೊಬ್ಬಳು ನಾನು ತೊಳೆದಿಟ್ಟ ಲೋಟಗಳನ್ನೆಲ್ಲ ಮತ್ತೆ ತೊಳೆದಳು. ಇನ್ನೊಬ್ಬ ಕಾಫಿಯೋ ಚಹಾವೋ ಎಂದು ಕೇಳಿದರೆ "ಯಾವುದು ಜಾಸ್ತಿ ಇದೆಯೋ ಅದು" ಎಂದು ಹತ್ತು ನಿಮಿಷ ಸಾಲು ನಿಲ್ಲಿಸಿದ. ಎಲ್ಲರ ಬಾಯಲ್ಲೂ ಒಂದೇ ಮಾತು, ನಾನು ಹೀಗೇ, ನಾನು ಇಂಥ ನಂಬರು. ಬದಲಾಗುವುದಕ್ಕೆ ಅಂತ ಬಂದು ಹಾಗೇ ಉಳಿಯಲು ಪರವಾನಗಿ ಬರೆಸಿಕೊಂಡು ಹೋಗುತ್ತಾರೆ. ಅವರ ತಟ್ಟೆ ತೊಳೆದು ನನಗೆ ವಾಕರಿಕೆ ಬಂದುಬಿಟ್ಟಿದೆ.

ಅಂಕಿಗಳು ಸಾಲದು ಎಂದು ಈಗ ಮೂರು ಸಹಜಪ್ರವೃತ್ತಿಗಳೂ ಬಂದಿವೆ. ಪ್ರಾಣಿಗಳಿಗೆ ಇದ್ದ ಹಾಗೆ ಮನುಷ್ಯರಿಗೂ ಹುಟ್ಟಿನಿಂದ ಇರುತ್ತವಂತೆ. ಒಂದು ಜೀವ ಉಳಿಸಿಕೊಳ್ಳುವುದು, ಒಂದು ಗುಂಪಿನೊಳಗೆ ಸೇರಿಕೊಳ್ಳುವುದು, ಒಂದು ಜೊತೆ ಹುಡುಕುವುದು. ರಿಂದಾಲಾ ಅದಕ್ಕೆ ಎರಡು ಗಂಟೆ ಪಾಠ ಮಾಡಿ ಹಾಲ್‌ನ ಮೂರು ಮೂಲೆಗೆ ಜನರನ್ನು ಓಡಿಸಿದಳು. ಅಡುಗೆಮನೆಯ ಕಿಂಡಿಯಿಂದ ಬಡಿಸುವ ಯಾವ ಹೆಂಗಸಿಗೂ ಇದು ಗೊತ್ತಿರುವ ಸಂಗತಿ. ಊಟದ ಮನೆಗೆ ಕಾಲಿಟ್ಟವರಲ್ಲಿ ಕೆಲವರ ಕಣ್ಣು ಮೊದಲು ಪಾತ್ರೆಗೆ ಬೀಳುತ್ತದೆ, ಸಾಕಾಗುತ್ತದೋ ಇಲ್ಲವೋ ಎಂದು. ಕೆಲವರ ಕಣ್ಣು ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ನೋಡುತ್ತದೆ. ಉಳಿದವರು ಒಂದೇ ಒಂದು ಮುಖ ಹುಡುಕುತ್ತಾರೆ, ಅದು ಸಿಗದಿದ್ದರೆ ಕುರಿ ಸುಟ್ಟು ಮುಂದಿಟ್ಟರೂ ಅವರಿಗೆ ರುಚಿಯಿಲ್ಲ. ನಿನ್ನಪ್ಪ ಈ ಮೂರರಲ್ಲಿ ಎರಡನೆಯ ಜಾತಿ, ಮದುವೆ ಮನೆಗೆ ಹೋದರೆ ಮೊದಲು ಮೇಯರ್ ಎಲ್ಲಿ ಕೂತಿದ್ದಾನೆ ನೋಡುತ್ತಿದ್ದ, ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ. ನಾನು ರೊಟ್ಟಿ ಎಣಿಸುವವಳು. ಇದನ್ನು ತಿಳಿಯಲು ನನಗೆ ರಿಂದಾಲಾಳ ಪಾಠದ ಬಣ್ಣದ ಪೆನ್ನು ಬೇಕಾಗಿರಲಿಲ್ಲ.

ಇಷ್ಟೆಲ್ಲ ಬೈದವಳು ಆಮೇಲೆ ಏನು ಮಾಡಿದಳು ಕೇಳು, ಮಗಳೇ, ಕೇಳಿ ನೀನೂ ಅಸಹ್ಯಪಟ್ಟುಕೋ. ಶಿಬಿರದ ಎರಡನೆಯ ದಿನ ನಾನು ಏಪ್ರನ್ ಬಿಚ್ಚಿಟ್ಟು ರಿಂದಾಲಾಳ ಹತ್ತಿರ ಹೋಗಿ ನಾನೂ ಕೂರುತ್ತೇನೆ ಅಂದೆ. ಅವಳಿಗೆ ಆನಂದಬಾಷ್ಪ. ನನ್ನ ತಲೆಯಲ್ಲಿದ್ದದ್ದು ಬೇರೆ. ಎರಡನೇ ಸಂಖ್ಯೆಯವರ ಸಾಲಿನಲ್ಲಿ ಕೂತು, ಅಳಬೇಕಾದಲ್ಲಿ ಅತ್ತು, ಇನ್ನು ಮೇಲೆ ಕೇಳದೆ ಯಾರಿಗೂ ಏನೂ ಕೊಡುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡು, ಈ ನುಹಾದ್ ಎಂಬಾಕೆ ಎರಡರಿಂದ ಪೂರ್ತಿ ವಾಸಿಯಾಗಿದ್ದಾಳೆ ಎಂದು ಅವಳ ಕೈಯಿಂದ ಒಂದು ಚೀಟಿ ಬರೆಸಿಕೊಳ್ಳಬೇಕು, ಅದನ್ನು ನಿನಗೆ ಕಳಿಸಬೇಕು. ಆಮೇಲೆ ನೀನು ಹೇಗೆ ಬೇಡ ಅನ್ನುತ್ತೀಯ ನೋಡೋಣ ಎಂದು. ಟೈಫಾಯ್ಡಿಗೆ ಡಾಕ್ಟರು ಕೊಡುವ ಚೀಟಿಯ ಹಾಗೆ ಇದಕ್ಕೂ ಕೊಡುತ್ತಾರೆ ಅಂದುಕೊಂಡಿದ್ದೆ. ಕೇಳಿದ್ದಕ್ಕೆ ರಿಂದಾಲಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನುಹಾದಕ್ಕ, ಇದು ಕಾಯ್ಲೆ ಅಲ್ಲ. ಅದೂ ಅಲ್ದೆ ನಿಮ್ ನಂಬರ್ ಯಾವ್ದು ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ, ನಿಮ್ಮನ್ನ ಬಿಟ್ಟು. ನಮ್ಮಲ್ಲಿ ಇದೊಂದು ಕಟ್ಟಳೆ." ಗೊತ್ತಾಯಿತೇ? ಇನ್ನೊಬ್ಬರ ಹಣೆಗೆ ಅಂಕಿ ಅಂಟಿಸಬಾರದಂತೆ. ನೀನು ಈಸ್ಟರ್ ಮೇಜಿನಲ್ಲಿ ಸತ್ತವರಿಗೂ ಸೇರಿಸಿ ಹಂಚಿದೆಯಲ್ಲ, ಅದು ನಿಮ್ಮ ಶಾಸ್ತ್ರದಲ್ಲೇ ದೊಡ್ಡ ತಪ್ಪು. ಅದನ್ನು ಕೇಳಿದಾಗ ನನಗೆ ಎಷ್ಟು ಖುಷಿಯಾಯಿತು ಎಂದರೆ, ಸಣ್ಣತನ ನನ್ನದು, ಒಪ್ಪುತ್ತೇನೆ.

ಚೀಟಿ ಸಿಗದಿದ್ದರೂ ಏಪ್ರನ್ ಬಿಚ್ಚಿದವಳು ಹಟಕ್ಕೆ ಎರಡನೇ ಸಂಖ್ಯೆಯವರ ಸಾಲಿಗೇ ಹೋದೆ, ಆರು ಕುರ್ಚಿ ಹಾಕಿದ್ದರು. ಒಂದೇ ಅಂಕಿಯವರು ಸಾಲಾಗಿ ಕೂರಬೇಕು, ರಿಂದಾಲಾ ಕೇಳಬೇಕು, ಎದುರಿಗೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಆಲಿಸಬೇಕು. ನಾನು ಕೊನೆಯ ಕುರ್ಚಿ ಹಿಡಿದೆ. ಪಕ್ಕದ ಹೆಂಗಸು, ಹೆಸರು ಹೇಳಬಾರದು, ಸೊಸೆಯರು ಹೊಗಳಲಿ ಎಂದೇ ತಾನು ಅಡುಗೆ ಮಾಡುವುದು, ಹೊಗಳದ ದಿನ ತಲೆನೋವು ಬಂದು ಮಲಗುವುದು ಎಂದು ಹೇಳಿ ಬಿಕ್ಕಿಬಿಕ್ಕಿ ಅತ್ತಳು. ಇನ್ನೊಬ್ಬಳು ನಾದಿನಿಯ ಮದುವೆಗೆ ತನ್ನ ಬಳೆ ಕೊಟ್ಟು, ಆಮೇಲೆ ಇಡೀ ಊರಿಗೆ ಅದನ್ನು ಹೇಳಿಕೊಂಡು ಬಂದಳಂತೆ. ಕಾಗದದ ಕರವಸ್ತ್ರದ ಡಬ್ಬಿ ಕೈಯಿಂದ ಕೈಗೆ ಬರುತ್ತಿತ್ತು. ನನಗೆ ಅವರ ಮೂಗು ಒರೆಸುವ ಸದ್ದು ಕೇಳಿಯೇ ಮೈ ಮುಳ್ಳೆದ್ದಿತ್ತು. ಆದರೆ ಒಂದು ವಿಚಿತ್ರ ಗಮನಕ್ಕೆ ಬಂತು. ಅವರು ಹೇಳಿದ್ದರಲ್ಲಿ ಒಂದೂ ನನ್ನದಲ್ಲ. ಹೊಗಳಿಕೆ ಬಂದರೆ ನನಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ, ನೀನೇ ನೋಡಿದ್ದೀಯ. ನಾನು ಜಾಡಿ ತುಂಬುವುದು ಯಾರಾದರೂ ಭೇಷ್ ಅನ್ನಲಿ ಎಂದಲ್ಲ. ಹಾಗಾದರೆ ಯಾಕೆ? ರಿಂದಾಲಾ ನನ್ನ ಎದುರಿಗೆ ಬಂದು ನಿಂತಾಗ ನಾನು ಅದನ್ನೇ ಯೋಚಿಸುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು, "ನುಹಾದಕ್ಕ, ಒಂದಿನ ಕೊಡದೇ ಇದ್ರೆ ಏನಾಗುತ್ತೆ ಅಂತ ನಿಮ್ಗೆ ಭಯ?"

ಭಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮೂವತ್ತೈದು ವರ್ಷದಿಂದ ಗಂಟಲ ಕೆಳಗೆ ಅದುಮಿಟ್ಟಿದ್ದು ಬಾಯಿವರೆಗೆ ಬಂತು. ನಾಲಿಗೆಯ ತುದಿಗೆ ಬಂತು ರೋಲಾ. ನಲವತ್ತು ಜನ ಕತ್ತು ಮುಂದೆ ಚಾಚಿ ಕಾಯುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು, ಸಿಹಿ ಹಂಚುವಾಗ ಕಾಯುತ್ತಾರಲ್ಲ ಹಾಗೆ. ಆ ಸೂಪಿನ ವಕೀಲನೂ ಕಾಯುತ್ತಿದ್ದ. ನಿಮಗೆ ಕೊಡುವುದಿಲ್ಲ ಎಂದುಕೊಂಡೆ. ಎದ್ದುನಿಂತೆ. "ಒಲೆ ಮೇಲೆ ಬೇಳೆ ಸೀಯ್ತಿದೆ" ಎಂದು ಹೇಳಿ ಹೊರಟುಬಿಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ. ಹಿಂದಿನಿಂದ ಯಾವಳೋ ಪಿಸುಗುಟ್ಟಿದ್ದು ಕೇಳಿಸಿತು, "ನೋಡಿದ್ರಾ, ಅಪ್ಪಟ ಎರಡು! ಅಳು ಬಂದ್ರೆ ಅಡುಗೆಮನೆಗೆ ಓಡೋದು." ತಪ್ಪು ಕುರ್ಚಿಯಲ್ಲಿ ಕೂತು ಸುಳ್ಳು ಹೇಳಿ ಎದ್ದುಬಂದವಳನ್ನೂ ಅವರು ಲೆಕ್ಕಕ್ಕೆ ಹೊಂದಿಸಿಬಿಟ್ಟರು. ಏನು ಮಾಡಿದರೂ ಹೊಂದುತ್ತದೆ, ಅದೇ ಅದರ ಹೊಲಸು. ಅಡುಗೆಮನೆಯಲ್ಲಿ ನಾನು ಸಿಂಕು ಹಿಡಿದುಕೊಂಡು ನಿಂತೆ. ಸಿಸ್ಟರ್ ಮತಿಲ್ದ್ ಬಂದು ನೋಡಿ, ಒಂದು ಬುಟ್ಟಿ ಪಾರ್ಸ್ಲಿ ಸೊಪ್ಪು ಮುಂದಿಟ್ಟು ತಾವೂ ಚಾಕು ಹಿಡಿದು ಕೂತರು.

ಆ ಹೊತ್ತು ನನಗೆ ಅಸಹ್ಯವಾದದ್ದು ಅವರ ಮೇಲಲ್ಲ. ಅವರು ಆಟವಾಡುವ ಮಕ್ಕಳು. ಚೀಟಿ ತರಲು ಹೋದವಳ ಮೇಲೆ ಅಸಹ್ಯವಾಯಿತು. ಮಗಳನ್ನು ಗೆಲ್ಲಬೇಕು ಎಂದು ಸುಳ್ಳು ಕಣ್ಣೀರು ಸಿದ್ಧಮಾಡಿಕೊಂಡು ಹೋದೆನಲ್ಲ, ಗಾಳ ಎಂದು ನೀನು ಹೇಳಿದ್ದು ಅದಕ್ಕಾದರೆ ಸರಿಯಾಗಿಯೇ ಇದೆ. ಜಾಡಿಗಳಿಗೆ ಮಾತ್ರ ಒಪ್ಪುವುದಿಲ್ಲ, ಸತ್ತರೂ ಒಪ್ಪುವುದಿಲ್ಲ. ನಿನ್ನ ಮೇಲೂ ನನಗೆ ಕೋಪವಿದೆ. ಮುಚ್ಚಿಟ್ಟು ಏನು ಪ್ರಯೋಜನ? ನಿನ್ನ ಹೆತ್ತವಳನ್ನು ಒಂದು ಅಂಕಿಯಲ್ಲಿ ಮುಗಿಸಿ, ಪುಸ್ತಕ ಮುಚ್ಚಿದ ಹಾಗೆ ಮುಚ್ಚಿಬಿಟ್ಟೆ. ಒಂದು ಸಲ, ಒಂದೇ ಒಂದು ಸಲ, ಅಮ್ಮಾ ನೀನು ಯಾಕೆ ಹೀಗೆ ಎಂದು ಕೇಳಿದ್ದರೆ! ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಬಹುಶಃ ನಿನ್ನ ಕೈಗೆ ಒಂದು ತಟ್ಟೆ ಕೊಟ್ಟು ತಿನ್ನು ಅನ್ನುತ್ತಿದ್ದೆ.

ಇರಲಿ. ಹೊರಗೆ ಗಾಡಿಯ ಸದ್ದಾಗುತ್ತಿದೆ, ಸಿಸ್ಟರ್ ಹೊರಡುವ ಹೊತ್ತಾಯಿತು. ಅವರ ಕೈಲಿ ಈ ಕಾಗದ ಬಿಟ್ಟು ಬೇರೇನೂ ಕಳಿಸುತ್ತಿಲ್ಲ, ಒಂದು ಜಾಡಿಯೂ ಇಲ್ಲ. ಹಾಗೆ ಬರಿಗೈಯಲ್ಲಿ ಕಳಿಸಲು ನನಗೆ ಎಷ್ಟು ಕಷ್ಟವಾಯಿತು ಎಂದು ನಿನ್ನ ಪುಸ್ತಕದಲ್ಲಿ ಬರೆದಿರಲಾರದು. ಗಾಬಿಗೆ ನನ್ನ ಆಶೀರ್ವಾದ ಹೇಳು, ಅವನ ತಾಯಿಗೆ ನಮಸ್ಕಾರ ತಿಳಿಸು. ಹೊಟ್ಟೆಯಲ್ಲಿರುವ ಪುಟ್ಟ ಜೀವಕ್ಕೆ ಯಾವ ಅಂಕಿಯನ್ನೂ ಕೊಡದೆ ಕಾಪಾಡು. ತಾಯಿ ಮರಿಯಳು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ, ನಿನ್ನ ಹೆರಿಗೆ ಹಗುರಾಗಲಿ, ನನ್ನ ಆಯಸ್ಸೂ ನಿನಗೇ ಸೇರಲಿ.

ನಿನ್ನ ಅಮ್ಮ,
ನುಹಾದ್

ಮತ್ತೆ: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ, ಡ್ರೈವರ್ ಹಾರ್ನ್ ಮಾಡುತ್ತಿದ್ದಾನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಆ ಕುರ್ಚಿಯಲ್ಲಿ ಬಾಯಿಗೆ ಬಂದದ್ದು ಇದು. ನೀನು ಹುಟ್ಟಿದ ಮೇಲೆ ಆರು ವಾರ ನಾನು ನಿನ್ನನ್ನು ಎತ್ತಿಕೊಳ್ಳಲಿಲ್ಲ. ಎಂಬತ್ತೊಂದರ ಏಪ್ರಿಲ್, ಸಿರಿಯಾದ ಸೈನ್ಯ ಊರಿಗೆ ಮುತ್ತಿಗೆ ಹಾಕಿತ್ತು, ನಾವು ನೆಲಮಾಳಿಗೆಯಲ್ಲಿದ್ದೆವು, ಎಲ್ಲರೂ ನನಗೆ ಷೆಲ್ಲುಗಳ ಭಯ ಅಂದುಕೊಂಡರು. ಷೆಲ್ಲಿಗೆ ನಾನು ಹೆದರಲಿಲ್ಲ. ನಿನಗೆ ಹೆದರಿದೆ. ಎತ್ತಿಕೊಂಡರೆ ನನ್ನ ಕೈಯೇ ನಿನಗೆ ಏನಾದರೂ ಮಾಡಿಬಿಡುತ್ತದೆ ಎನ್ನಿಸುತ್ತಿತ್ತು, ನೀನು ಅತ್ತರೆ ನಾನು ಗೋಡೆಯ ಕಡೆ ತಿರುಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನಿನ್ನನ್ನು ಎದೆಗೆ ಕಟ್ಟಿಕೊಂಡು, ಡಬ್ಬಿ ಹಾಲು ಕರಗಿಸಿ ಕುಡಿಸಿ ಉಳಿಸಿದವಳು ಲತೀಫೆ. ನನ್ನ ಭಯ ಯಾವುದೆಂದು ಅವಳೊಬ್ಬಳಿಗೇ ಗೊತ್ತಿತ್ತು, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ನಿನ್ನಪ್ಪನಿಗೂ ಹೇಳಲಿಲ್ಲ. ಆಮೇಲೆ ಆ ಭಯ ಯಾವಾಗ ಬಿಟ್ಟುಹೋಯಿತೋ ಗೊತ್ತಿಲ್ಲ. ಅಂದಿನಿಂದ ನಿನಗೆ ತಿನ್ನಿಸುತ್ತಲೇ ಇದ್ದೇನೆ.

ನಿನಗೂ ಹಾಗಾದರೆ, ಆಗದಿರಲಿ, ಒಂದು ವೇಳೆ ಆದರೆ, ನಾಚಿಕೊಂಡು ಸುಮ್ಮನಿರಬೇಡ. ಅದೇ ದಿನ ಡಾಕ್ಟರಿಗೆ ಹೇಳು, ಈ ಪುಟವನ್ನು ಗಾಬಿಗೆ ಈಗಲೇ ತೋರಿಸು. ಅದು ನೀನಲ್ಲ, ನಿನ್ನ ಸ್ವಭಾವವೂ ಅಲ್ಲ, ಬಂದ ಹಾಗೇ ಹೋಗುತ್ತದೆ, ಒಬ್ಬಳೇ ಇರಬಾರದು ಅಷ್ಟೆ. ನಾನು ಬರಲೇಬೇಕು ಎಂದು ಮೇಲೆ ಬರೆದಿದ್ದನ್ನು ಹೊಡೆದುಹಾಕು. ನನಗೆ ಕೊಡುವ ಜಾಗ ಲತೀಫೆಗೆ ಕೊಡು. ಆ ಶಿಬಿರ ಮುಗಿದ ಮೇಲೆಯೇ ಅವಳ ಪಾಸ್‌ಪೋರ್ಟ್ ಮಾಡಿಸಿದ್ದೇನೆ, ಇದನ್ನು ಬರೆಯಲು ಮಾತ್ರ ಇಷ್ಟು ಹೊತ್ತು ಮನಸ್ಸು ಬರಲಿಲ್ಲ, ಗಾಬಿ ಒಂದು ಆಹ್ವಾನದ ಕಾಗದ ಕಳಿಸಿದರೆ ವೀಸಾ ಸಿಗುತ್ತದೆ. ಹೇಗೆ ಎತ್ತಿಕೊಳ್ಳಬೇಕು ಎಂದು ಅವಳಿಗೆ ಗೊತ್ತು.